ಹರಳಿಲ್ಲದ ಬ್ಯಾಳಿ

ಟಿವ್ಯಾಗಿನ ಲೇಡಿ ಇನ್ಸ್‌ಪೆಕ್ಟರ್ ಬಾಯಿ ಕೂದಲಾ ಬಿಟ್ಕೊಂಡು ಕಳ್ಳನ ಹಿಂದ ಓಡಿದಾಗೆಲ್ಲ ನಮ್ಮ ಮನ್ಯಾಗ ಚಾಪಿ ಮ್ಯಾಲ ಕುಂತ ಖರೇ ಪೊಲೀಸಕ್ಕಗ ಸಿಟ್ಟು ನೆತ್ತಿಗೇರತಿತ್ತು. ತನ್ನ ತುರುಬಿನ ಪಿನ್ನು ತೆಗೆದು ಟಿವಿ ಕಡೆ ಹಿಡೀತಿದ್ಲು. "ತಗೋ ಯವ್ವಾ, ಮೊದಲ ತಲಿ ಕಟ್ಟು. ಕಣ್ಣಾಗ ಕೂದಲಾ ಬಂದು ಎಲ್ಲೆರ ಬಿದ್ದಿ ಅಂದ್ರ ನಿನ್ನ ಪಂಚನಾಮಾ ನಾವು ಬರೀಬೇಕಾಗ್ತದ."

ಇದು ತೊಂಬತ್ತರ ದಶಕದ ಮಾತು. ಅಪ್ಪ ರೈಲ್ವೆದಾಗ ಗುಮಾಸ್ತ, ನಾವು ವಾಡಿ ರೈಲ್ವೆ ಕ್ವಾರ್ಟರ್ಸಿನಾಗ ಇದ್ವಿ. ಹಿಂದಿನ ಓಣ್ಯಾಗ ಒಂದು ಖೋಲಿ ಬಾಡಿಗಿ ಹಿಡಿದು ಈಕಿ ಒಬ್ಬಾಕೇ ಇದ್ಲು. ತೆಂಗಳಿ ಕಡೆ ಒಕ್ಕಲುತನದ ಮನಿ ಮಗಳು. ಆಗ ಬರೇ ಕಾನ್‌ಸ್ಟೆಬಲ್, ರಿಟೈರ್ ಆಗೋ ಹೊತ್ತಿಗೆ ಎ.ಎಸ್.ಐ. ಓಣಿಯವರೆಲ್ಲ ಪೊಲೀಸಕ್ಕ ಅಂತಿದ್ರು, ನಾನೂ ಹಂಗೇ ಅಂತಿದ್ದೆ. ಎದುರಿಗೆ ಮಾತಿಗೊಮ್ಮೆ 'ರಿ' ಹಚ್ಚತಿದ್ದೆ, ಮನಸಿನಾಗ ಮಾತ್ರ ಆಕಿ ಯಾವತ್ತೂ 'ಆಕಿ'ನೇ. ಹೆಸರು ಬರಿಯಂಗಿಲ್ಲ. "ನನ್ನ ಬಗ್ಗೆ ಬೇಕಾದ್ರ ಬರಿ ತಂಗಿ. ಹೆಸರು ಹಾಕಿದಿ ಅಂದ್ರ ನಿನ್ನ ಮ್ಯಾಲೇ ಕೇಸು" ಅಂತ ಅಂದಾಳ. ಹಾಕೋ ಪೈಕಿನೇ ಆಕಿ. ಠಾಣಾದ ಹೆಸರೂ ಬ್ಯಾಡ. ಶಹಾಬಾದ, ಚಿತ್ತಾಪುರ, ಚಿಂಚೋಳಿ ಅಂತ ಈ ಸೀಮ್ಯಾಗ ಆಕಿ ವರ್ಗ ಆಗದ ಊರಿಲ್ಲ, ಅದರಾಗ ಯಾವುದೋ ಒಂದು ಅಂತ ತಿಳಕೋರ್ರಿ.

ಆ ಸೀರಿಯಲ್ ವಾರಕ್ಕೊಮ್ಮೆ ಸಂಜೀಗೆ ಬರತಿತ್ತು, ಹಿಂದಿ. ಪೊಲೀಸಕ್ಕನ ಖೋಲ್ಯಾಗ ಟಿವಿ ಇರಲಿಲ್ಲ. ಮೊದಲನೇ ವಾರ ಆಕಿ ಬಂದಾಗ ನಮ್ಮವ್ವ ಬಾಗಲಾ ಹತ್ರ ಚಾಪಿ ಹಾಸಿದ್ಲು. ನಮ್ಮವ್ವನ ಮಡಿ ಅಂದ್ರ ಸಣ್ಣ ಮಡಿ ಅಲ್ಲ, ರೈಲು ತಡ ಆದ್ರೂ ಆಕಿ ಮಡಿ ತಡ ಆಗತಿರಲಿಲ್ಲ. ಆದ್ರ ಸೀರಿಯಲ್ಲಿನಾಗ ಖೂನಿ ಆದಂಗ ಆದಂಗ ಚಾಪಿ ಒಳಗ ಸರೀತು. ಎರಡು ತಿಂಗಳಿಗೆ ಇಬ್ಬರೂ ಒಂದೇ ಚಾಪಿ ಮ್ಯಾಲ ತೊಡಿಗೆ ತೊಡಿ ಹಚ್ಚಿ ಕುಂತಿದ್ರು. ಕೊಲೆಗಾರ ಯಾರಂತ ಒಬ್ಬಾಕೇ ಕುಂತು ನೋಡಲಿಕ್ಕೆ ನಮ್ಮವ್ವಗ ಹೆದರಿಕಿ.

ಪೊಲೀಸಕ್ಕ ಬರಿಗೈಲೆ ಬರತಿರಲಿಲ್ಲ. ಕಂಕುಳಾಗ ಒಂದು ಮೊರ, ಅದರಾಗ ಸೇರಿನಷ್ಟು ತೊಗರಿ ಬ್ಯಾಳಿ. ಕಣ್ಣು ಟಿವ್ಯಾಗ, ಕೈ ಮೊರದಾಗ. ಟಿವಿ ನೋಡೋದಂದ್ರ ಆಕಿಗೆ ಮೇಲಧಿಕಾರಿ ಇನ್ಸ್‌ಪೆಕ್ಷನ್ ಮಾಡಿದಂಗ.

"ನೋಡ್ರಿ ವೈನಿ," ಅಂತಿದ್ಲು ನಮ್ಮವ್ವಗ, "ಮುಂಜಾನಿಂದ ಡ್ಯೂಟಿ ಮ್ಯಾಲ ನಿಂತಾಳ. ಒಮ್ಮೆರ ಬಾಥ್‌ರೂಮಿಗೆ ಹೋಗ್ಯಾಳೇನು? ನಮಗ ಬಂದೋಬಸ್ತಿಗೆ ನಿಂತ್ರ ಅದೇ ಮೊದಲ ಚಿಂತಿ. ನೀರು ಕುಡೀಲಿಕ್ಕೂ ಹೆದರತೀವಿ. ಕಳ್ಳ ಸಿಗದಿದ್ರ ಸಿಗವಲ್ಲನ್ಯಾಕ, ಒಂದು ಗಿಡದ ಮರೀ ಸಿಕ್ಕರ ಸಾಕಾಗಿರತದ."

"ಅದನ್ನೆಲ್ಲಾ ಟಿವ್ಯಾಗ ತೋರಸ್ತಾರೇನು?" ನಮ್ಮವ್ವ.

"ಮತ್ತ ಆಕಿ ತುಟಿಗೆ ಬಣ್ಣ ಹಚ್ಚೋದು ತೋರಸ್ತಾರಲ್ಲ! ಇಷ್ಟು ವಾರ ಆತು, ಒಂದು ಕಾಗದ ಬರದಿಲ್ಲ ಈ ಭಾಡ್ಯಾಕಿ. ಬರೀ ಪಿಸ್ತೂಲು, ಬರೀ ಪಿಸ್ತೂಲು. ನಮ್ಮ ಸಾಹೇಬರಾಗಿದ್ರ ಮೆಮೊ ಕೊಡತಿದ್ರು."

ಆದ್ರ ಆಕಿ ಖರೇ ಸಿಟ್ಟು ಇದಕ್ಕಲ್ಲ, ನೊಂದ ಹೆಣಮಕ್ಕಳನ್ನ ತೋರಸೋ ರೀತಿಗೆ. ಆ ಸೀರಿಯಲ್ಲಿನಾಗ ಯಾವ ಹೆಣ್ಣಿಗೆ ಅನ್ಯಾಯ ಆದ್ರೂ ಮೊದಲ ಆಕಿ ಕೈಯಾಗಿನ ಗ್ಲಾಸು ಬಿದ್ದು ಒಡೀತಿತ್ತು. ಆಮ್ಯಾಲ ಆಕಿ ಗ್ವಾಡಿ ನೋಡಕೋತ ಕುಂದ್ರತಿದ್ಲು. ಹಿಂದಿಂದ ಪಿಟೀಲು ಕುಯ್ಯಿ ಅಂತಿತ್ತು. ಕಡಿಗೆ ಇನ್ಸ್‌ಪೆಕ್ಟರ್ ಬಾಯಿ ಬಂದು ಭುಜ ಹಿಡಿದು ಅಳ್ಳಾಡಿಸಿ 'ಬೋಲೋ' ಅಂತ ಒದರಿದ ಕೂಡ್ಲೇ ಎಲ್ಲಾ ಒಂದೇ ಉಸಿರಿಗೆ ಹೇಳಿಬಿಡತಿದ್ಲು. ನಮ್ಮವ್ವ ಸೆರಗಿಲೆ ಕಣ್ಣು ಒರಸ್ಕೊಳ್ಳತಿದ್ಲು.

"ಹಂಗ ಅಳ್ಳಾಡಿಸಿದ್ರ ಹುಣಸಿಹಣ್ಣು ಉದುರತಾವ, ಮಾತು ಉದುರಂಗಿಲ್ಲ," ಅಂತಿದ್ಲು ಪೊಲೀಸಕ್ಕ. "ಖರೇ ನೊಂದಾಕಿ ಗ್ಲಾಸು ಒಡಿಯಂಗಿಲ್ಲ ವೈನಿ. ಒಡದಿದ್ರ ಯಾರ ಕಡಿಂದೋ ಬೈಸ್ಕೋಬೇಕಲ್ಲ. ಆಕಿ ರೊಟ್ಟಿ ಬಡೀತಾಳ, ಹುಡುಗುರಿಗೆ ಉಣ್ಣಸ್ತಾಳ, ನಗತಾಳ ಸುದ್ದಾ. ನೋಡಿದವರಿಗೆ ಏನೂ ಗೊತ್ತಾಗಂಗಿಲ್ಲ."

ಒಂದು ವಾರ ಇನ್ಸ್‌ಪೆಕ್ಟರ್ ಬಾಯಿ ಹಿಂದಿನ ಕತಿ ತೋರಿಸಿದ್ರು. ಸಣ್ಣಾಕಿ ಇದ್ದಾಗ ಆಕಿ ಅಕ್ಕನ್ನ ಯಾರೋ ಕೊಂದಿದ್ರಂತ, ಅದಕ್ಕ ಆಕಿ ಪೊಲೀಸ್ ಆದ್ಲಂತ. ನಮ್ಮವ್ವ ಗೊಳೋ ಅಂದ್ಲು. ಪೊಲೀಸಕ್ಕ ಮೊರ ಬಾಜೂಕ ಇಟ್ಲು.

"ಅಂದ್ರ ಅಕ್ಕ ಸಾಯದಿದ್ರ ಈಕಿ ಏನು ಮಾಡತಿದ್ಲು, ಕುಂತು ಸಂಡಿಗಿ ಹಾಕತಿದ್ಲೇನು? ಗಂಡಸು ಇನ್ಸ್‌ಪೆಕ್ಟರ್ ಆದ್ರ ಯಾಕ ಆದಿ ಅಂತ ಯಾರೂ ಕೇಳಂಗಿಲ್ಲ. ಹೆಣ್ಣು ಆದ್ಲು ಅಂದ್ರ ಮೊದಲ ಒಂದು ಹೆಣಾ ಬೀಳಬೇಕಾ?"

"ನೀ ಯಾಕ ಸೇರಿದಿ ಮತ್ತ?" ನಮ್ಮವ್ವ ಮೂಗು ಒರಸ್ಕೋತ ಕೇಳಿದ್ಲು. ಏನೋ ದೊಡ್ಡ ದುಃಖದ ಕತಿ ಬರತದ ಅಂತ ಸೆರಗು ತಯಾರು ಇಟ್ಕೊಂಡಿದ್ಲು.

"ಎತ್ತರ ಇದ್ದೆ. ಹತ್ತನೇತ್ತಾ ಪಾಸಾಗಿದ್ದೆ. ಭರ್ತಿ ನಡದಿತ್ತು, ಓಡು ಅಂದ್ರು, ಓಡಿದೆ. ನಮ್ಮ ಎಮ್ಮಿ ದಿನಾ ಹಗ್ಗ ಹರಕೊಂಡು ಓಡತಿತ್ತು, ಅದರ ಹಿಂದ ಓಡಿ ರೂಢಿ ಇತ್ತು. ಪಗಾರ ಬರತದ, ಪೆನ್ಶನ್ ಬರತದ. ಮತ್ತೇನು ಬೇಕು?"

"ಇಷ್ಟೇನಾ?" ಅಂದ್ಲು ನಮ್ಮವ್ವ. ಭಾಳ ಬ್ಯಾಸರಾತು ಆಕಿಗೆ. ಅವತ್ತು ಚಹಾಕ್ಕ ಸಕ್ರೀನೂ ಕಮ್ಮಿ ಹಾಕಿದ್ಲು.

ಆ ಮೊರದ ಬ್ಯಾಳಿ ಎಂದೂ ಒಲಿ ಏರಲಿಲ್ಲ, ಅದು ಠಾಣಾದ ಬ್ಯಾಳಿ. ಯಾವಾಕಿನರ ಹೇಳಿಕಿ ಕೊಡಲಿಕ್ಕೆ ಬಂದು ಬಾಯಿ ಬಿಡದ ಕುಂತ್ರ, ಪೊಲೀಸಕ್ಕ ಏನೂ ಕೇಳದ ಮೊರ ಆಕಿ ಮುಂದ ಸರಸ್ತಿದ್ಲು. "ಜರಾ ಹಸನ ಮಾಡವ್ವ, ನನ್ನ ಕಣ್ಣು ಮಂಜ." ಗಿಡುಗನ ಕಣ್ಣು ಆಕಿವು, ಮಂಜ ಎಲ್ಲೀದು! ನಮ್ಮ ಕಡೆ ಹೆಣಮಕ್ಕಳ ಮುಂದ ಬ್ಯಾಳಿ ಮೊರ ಇಟ್ಟರ ಕೈ ತಾನೇ ಹೋಗತದ. ಕೈ ಒಂದು ಸಲ ಹೋತು ಅಂದ್ರ ತಲಿ ಬಗ್ಗತದ. ತಲಿ ಬಗ್ಗಿದ್ರ ಎದುರಿನವರ ಮುಖಾ ನೋಡೋ ಪಂಚಾಯ್ತಿ ಇಲ್ಲ. ಹತ್ತು ಹರಳು ತೆಗೆಯೋದರಾಗ ಮಾತು ಹೊರಗ ಬರತದ, ಪೊಲೀಸಕ್ಕ ಬಾಜೂಕ ಕುಂತು ಬರಕೋತಾಳ.

ಹೊಸದಾಗಿ ಒಬ್ಬ ಸಬ್ ಇನ್ಸ್‌ಪೆಕ್ಟರ್ ಬಂದಿದ್ರು, ಮೀಸಿ ಸರಿಯಾಗಿ ಬಂದಿರಲಿಲ್ಲ ಇನ್ನೂ. ಅವರೂ ಅದೇ ಸೀರಿಯಲ್ ನೋಡವರು. "ಇದೇನು ಠಾಣೆನೋ, ಕಿರಾಣಿ ಅಂಗಡಿನೋ" ಅಂತ ಮೊರ ಅಟ್ಟದ ಮ್ಯಾಲ ಹಾಕಿಸಿ, ಒಂದು ಖೋಲ್ಯಾಗ ಕಿಟಕಿ ಮುಚ್ಚಿ, ಟೇಬಲ್ ಮ್ಯಾಲ ದೊಡ್ಡ ಬಲ್ಬು ಜೋತು ಬಿಡಿಸಿದ್ರು. ಮೊದಲ ಬಂದಾಕಿ ನಾಲವಾರ ಕಡೆಯ ಒಬ್ಬ ಮುದುಕಿ. ಅಂಗಳದಾಗ ಕಟ್ಟಿದ ಆಡು ಯಾರು ಬಿಚ್ಚಿಕೊಂಡು ಹೋದ್ರು ಅಂತ ಕಣ್ಣಾರೆ ನೋಡಿದಾಕಿ ಆಕಿ ಒಬ್ಬಾಕೇ. ಸಾಹೇಬರು ಬಲ್ಬು ಹಚ್ಚಿ ಟೇಬಲ್ ಗುದ್ದಿ ಕೇಳಿದ್ರು. ಮುದುಕಿ ಬಲ್ಬು ನೋಡಿದ್ಲು, ಸಾಹೇಬರನ್ನ ನೋಡಿದ್ಲು. "ಹಗಲ್ಹೊತ್ತಿನ್ಯಾಗ ಯಾಕ ಲೈಟ್ ಹಚ್ಚೀಯಪ್ಪ, ಕಿಟಕಿ ತೆಗೀಬಾರದೇನು?" ಅಂದ್ಲು. ಅಷ್ಟೇ, ಮುಂದ ತುಟಿ ಬಿಚ್ಚಲಿಲ್ಲ. ಸಂಜೀತನಕ ನೋಡಿ ಸಾಹೇಬರೇ ಅಟ್ಟ ಏರಿ ಮೊರ ಇಳಿಸಿದ್ರು. ಒಂದು ತಿಂಗಳಿಗೆ ಅವರೇ ಬಂದು ಮೊರದ ಮುಂದ ಕುಂತು, ಹರಳು ಆರಿಸಕೋತ, ತಮಗ ನೋಡಿದ ಹುಡುಗಿ ಒಲ್ಲೆ ಅಂದ ಕತಿ ಪೂರಾ ಹೇಳಿಬಿಟ್ರಂತ. "ಅದನ್ನ ಬರಕೊಳ್ಳಲಿಲ್ಲ ವೈನಿ," ಅಂದ್ಲು ಪೊಲೀಸಕ್ಕ, "ಕಲಂ ಯಾವುದು ಹಚ್ಚಲಿ?"

ಇಷ್ಟೆಲ್ಲಾ ನಗಚಾಟಿಗೆ ಬರೀಲಿಕತ್ತೀನಿ ಖರೆ, ಆದ್ರ ನನ್ನ ನೌಕರಿ ಉಳದದ್ದೇ ಆ ಮೊರದಿಂದ.

ಆಗ ನನಗ ಇಪ್ಪತ್ಮೂರು. ಸೇಡಂದಾಗ ಒಂದು ಹೈಸ್ಕೂಲಿನಾಗ ಗಣಿತ ಟೀಚರ್ ಆಗಿ ಸೇರಿ ಆರು ತಿಂಗಳಾಗಿತ್ತು. ದಿನಾ ಮುಂಜಾನಿ ವಾಡಿಯಿಂದ ಪ್ಯಾಸೆಂಜರ್ ಗಾಡಿ. ಚಿತ್ತಾಪುರದಾಗ ಒಬ್ಬ ಮನಷ್ಯಾ ಹತ್ತತಿದ್ದ. ಅಪ್ಪನ ವಯಸ್ಸು, ಇಸ್ತ್ರಿ ಅಂಗಿ, ಕಿಸೇದಾಗ ಎರಡು ಪೆನ್ನು. "ಜರಾ ಆಚಿ ಸರಿ ಮಗಳ" ಅಂತ ನನ್ನ ಬಾಜೂಕೇ ಕುಂದ್ರತಿದ್ದ. ಮುಂದಿಂದು ಎಲ್ಲಾ ಹೆಣಮಕ್ಕಳಿಗೂ ಗೊತ್ತಿದ್ದದ್ದು, ಬಿಡಿಸಿ ಬರಿಯೋದು ಬ್ಯಾಡ. ಡಬ್ಬಿ ಬದಲಿಸಿದೆ, ಅಲ್ಲಿಗೂ ಬಂದ. ಕಡಿಗೆ ಹೊಟ್ಟಿನೋವು ಅಂತ ಹೇಳಿ ಮನ್ಯಾಗ ಉಳಕೊಂಡೆ. ಒಂಬತ್ತು ದಿನ ಆತು. ಅಪ್ಪ ಅಂದ್ರು, "ಆರಾಮಿಲ್ಲಂದ್ರ ನೌಕರಿ ಯಾಕ ಬೇಕು, ಬಿಟ್ಟುಬಿಡು." ಯಾಕ ಅಂತ ಹೇಳಲಿಕ್ಕೆ ನನಗ ಬಾಯಿ ಬರಲಿಲ್ಲ. ರಾಜೀನಾಮೆ ಕಾಗದ ಬರದಿದ್ದೆ, ಮರುದಿನ ಟಪಾಲಿಗೆ ಹಾಕೋದಿತ್ತು, ಹಾಕಿದ್ರ ಮುಗೀತು.

ಅವತ್ತೇ ಸೀರಿಯಲ್ಲಿನ ದಿನ. ಟಿವ್ಯಾಗ ಯಾವಾಕಿನೋ ಗ್ಲಾಸು ಒಡದ್ಲು, ಪಿಟೀಲು ಕುಯ್ಯಿ ಅಂತು. ಪ್ರತಿ ವಾರ ಇದೇ ಹೊತ್ತಿಗೆ ಪೊಲೀಸಕ್ಕನೂ ನಾನೂ ಕೂಡೇ ನಗತಿದ್ವಿ. ನಾನು ನಗಲಿಲ್ಲ. ಪೊಲೀಸಕ್ಕ ನನ್ನ ಕಡೆ ಒಂದು ಸಲ ನೋಡಿದ್ಲು.

"ವೈನಿ, ಚಹಾ ಮಾಡ್ರಿ. ಶುಂಠಿ ಜಜ್ಜಿ ಹಾಕ್ರಿ, ಸಾವಕಾಶ ಮಾಡ್ರಿ." ನಮ್ಮವ್ವ ಎದ್ದು ಹೋದ್ಲು. ಪೊಲೀಸಕ್ಕ ಟಿವಿ ದನಿ ಹೆಚ್ಚು ಮಾಡಿದ್ಲು, ಮೊರ ತಂದು ನನ್ನ ತೊಡಿ ಮ್ಯಾಲ ಇಟ್ಲು. "ಜರಾ ಹಸನ ಮಾಡು ತಂಗಿ. ನನ್ನ ಕಣ್ಣು ಮಂಜ."

ಆ ಯುಕ್ತಿ ನನಗ ಪೂರಾ ಗೊತ್ತಿತ್ತು. ಆ ಸಾಹೇಬರ ಕತಿ ಕೇಳಿ ಹೊಟ್ಟಿ ಹಿಡಕೊಂಡು ನಕ್ಕಾಕಿ ನಾನು. ಗೊತ್ತಿದ್ರೂ ಕೈ ಹೋತು ನೋಡ್ರಿ. ಒಂದು ಹರಳು ತೆಗೆದೆ, ಎರಡು ತೆಗೆದೆ. ಐದನೇದಕ್ಕ ಬಾಯಿ ಬಿಚ್ಚಿತು. ಅಳು ಬರಲಿಲ್ಲ, ಬ್ಯಾಳಿಗೆ ಹೇಳಿದಂಗ ಹೇಳಿದೆ. ಪೊಲೀಸಕ್ಕ ಅಯ್ಯೋ ಪಾಪ ಅನ್ನಲಿಲ್ಲ. ಯಾವ ಡಬ್ಬಿ, ಎಷ್ಟು ಹೊತ್ತಿಗೆ, ಯಾವ ಕಡೆ ಕುಂದ್ರತಾನ, ಇಷ್ಟೇ ಕೇಳಿದ್ಲು. ಆಮ್ಯಾಲ, "ಕಾಗದದ ಚೂರು ಏನರ ಅದೇನು, ಹರಳು ಕಟ್ಟಲಿಕ್ಕೆ?" ಅಂದ್ಲು. ಕೈಗೆ ಸಿಕ್ಕದ್ದು ರಾಜೀನಾಮೆ. ಕಣ್ಣಾಡಿಸಿದ್ಲು, ನಾಕು ಮಡಿಕಿ ಹಾಕಿ ಅದರಾಗ ಹರಳು ಕಟ್ಟಿ ಚೀಲದಾಗ ಇಟ್ಕೊಂಡ್ಲು. "ಕಂಪ್ಲೇಂಟ್ ಕೊಡೋದು ಬಿಡೋದು ನಿನ್ನ ಕೈಯಾಗದ. ನಾಳಿ ಗಾಡಿಗೆ ಮಾತ್ರ ಬಾ."

ಮರುದಿನ ಪೊಲೀಸಕ್ಕ ಸಾದಾ ಸೀರಿ ಉಟ್ಟು, ಮೊರ ಹಿಡಕೊಂಡು ಗಾಡಿ ಹತ್ತಿದ್ಲು. ನನ್ನ ಎದುರಿಗೆ ಕುಂದರಿಸಿ ನನ್ನ ಜಾಗಾದಾಗ ತಾ ಕುಂತ್ಲು. ಚಿತ್ತಾಪುರದಾಗ ಆ ಮನಷ್ಯಾ ಹತ್ತಿದ. ನನ್ನ ನೋಡಿ ಮುಖಾ ಅರಳಿತು, ಬಾಜೂಕ ಜಾಗಾ ಇಲ್ಲದ್ದು ನೋಡಿ ಬಾಡಿತು. ಬ್ಯಾರೆ ಜಾಗಾ ಸಿಗದಕ್ಕ ಪೊಲೀಸಕ್ಕನ ಬಾಜೂಕ ಕುಂತ. ಟಿವ್ಯಾಗಿನ ಇನ್ಸ್‌ಪೆಕ್ಟರ್ ಬಾಯಿಗತೆ ಈಗ ಕಪಾಳಕ್ಕ ಬಿಡತಾಳ ಅಂತ ಕಾದೆ.

ಪೊಲೀಸಕ್ಕ ಮೊರ ಅವನ ತೊಡಿ ಮ್ಯಾಲ ಇಟ್ಲು. "ಕಾಕಾ, ಜರಾ ಹಸನ ಮಾಡ್ರಿ. ನನ್ನ ಕಣ್ಣು ಮಂಜ."

ಡಬ್ಬಿ ತುಂಬ ಹೆಣಮಕ್ಕಳು. ಒಲ್ಲೆ ಅಂದ್ರ ಮರ್ಯಾದಿ ಹೋಗತದ ಅಂತ ಕಾಕಾ ಹಸನ ಮಾಡಲಿಕತ್ತ. ಗಂಡಸು ಬ್ಯಾಳಿ ಹಸನ ಮಾಡೋದು ನೋಡಲಿಕ್ಕೆ ಆಚಿ ಕಡಿಂದ ಸುದ್ದಾ ಹೆಣಮಕ್ಕಳು ಎದ್ದು ಬಂದ್ರು. "ಅದು ಹರಳಲ್ರೀ, ಬ್ಯಾಳಿನೇ ಅದ," ಅಂತ ಒಬ್ಬಾಕಿ ತಿದ್ದಿದ್ಲು.

"ಚಲೋ ಮಾಡತೀರಿ ಕಾಕಾ," ಅಂದ್ಲು ಪೊಲೀಸಕ್ಕ. "ಎಲ್ಲಾರಿಗೂ ಮಗಳ, ಮಗಳ ಅಂತೀರಂತ. ಮನ್ಯಾಗ ಎಷ್ಟು ಮಂದಿ ಹೆಣಮಕ್ಕಳ್ರಿ?" ಅವನ ಕೈ ನಿಂತಿತು. ಪೊಲೀಸಕ್ಕ ಚೀಲದಿಂದ ಗುರುತಿನ ಚೀಟಿ ತೆಗೆದು ಮೊರದ ಅಂಚಿಗೆ ಇಟ್ಲು. "ಕೈ ನಿಲ್ಲಸಬ್ಯಾಡ್ರಿ. ಸೇಡಂ ಇನ್ನೂ ದೂರ ಅದ."

ಸೇಡಂ ಬರೋದರಾಗ ಆ ಬ್ಯಾಳಿ ಎರಡು ಸಲ ಹಸನ ಆತು. ಡಬ್ಬಿಗೆಲ್ಲ ಸುದ್ದಿ ತಿಳೀತು, ಮತ್ತಿಬ್ಬರು ಹುಡುಗ್ಯಾರು "ನಮಗೂ ಇವನೇರಿ" ಅಂತ ಮುಂದ ಬಂದ್ರು. ಇಳಿದ ಮ್ಯಾಲ ರೈಲ್ವೆ ಪೊಲೀಸರ ಮುಂದ ನಾನೇ ಕಂಪ್ಲೇಂಟ್ ಬರದೆ, ಅವರಿಬ್ಬರೂ ಸಹಿ ಹಾಕಿದ್ರು. ಕೇಸು ಆತು, ಅವನಿಗೆ ದಂಡಾನೂ ಆತು. ನಾ ಅವತ್ತು ಮೊದಲನೇ ತಾಸು ತಪ್ಪಿಸಿಕೊಂಡು ಎರಡನೇ ತಾಸಿಗೆ ಹೋಗಿ ಬೀಜಗಣಿತ ಹೇಳಿದೆ.

"ಯಾಕ ಹೊಡೀಲಿಲ್ರಿ ಅಕ್ಕಾ?" ಅಂತ ಆಮ್ಯಾಲ ಕೇಳಿದೆ.

"ಹೊಡದ್ರ ನನ್ನ ಮ್ಯಾಲ ಕೇಸು. ಬ್ಯಾಳಿ ಹಸನ ಮಾಡಸೋದು ಯಾವ ಸೆಕ್ಷನ್ನಿನ್ಯಾಗೂ ಬರಂಗಿಲ್ಲ."

ಮುಂದಿನ ವಾರ ಇನ್ನೊಂದು ನೋಡಿದೆ. ಸೀರಿಯಲ್ ಮುಗಿದ ಮ್ಯಾಲ ಪೊಲೀಸಕ್ಕ ಚೀಲದಿಂದ ನನ್ನ ರಾಜೀನಾಮೆ ಪುಡಿಕಿ ಬಿಚ್ಚಿ, ಆರಿಸಿದ ಹರಳೆಲ್ಲಾ ಒಂದು ಹಳೇ ಪೌಡರ್ ಡಬ್ಬಿಗೆ ಹಾಕಿದ್ಲು. ಡಬ್ಬಿ ತುಂಬ ಸಣ್ಣ ಸಣ್ಣ ಹರಳು, ಶಹಾಬಾದ ಫರಸಿ ಕಲ್ಲಿನ ಚೂರು. ಅದರಾಗಿಂದು ಒಂದು ಮುಟಗಿ ತೆಗೆದು ಹಸನಾದ ಬ್ಯಾಳ್ಯಾಗ ಮತ್ತ ಕಲಸಿದ್ಲು. ನಮ್ಮವ್ವ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು. "ಅಯ್ಯ, ಇದೇನ ಹುಚ್ಚು! ಚಲೋ ಬ್ಯಾಳಿಗೆ ಹರಳು ಹಾಕ್ತಾರೇನು? ಯಾಕ ಹಿಂಗ ಮಾಡತಿ?"

"ಹರಳಿಲ್ಲದ ಬ್ಯಾಳಿ ಕೆಲಸಕ್ಕ ಬರಂಗಿಲ್ಲ ವೈನಿ," ಅಂದ್ಲು ಪೊಲೀಸಕ್ಕ. ನಾನೂ ಯಾಕ ಅಂದೆ. ಆಕಿ ಮುಖಾ ಗಂಟು ಹಾಕಿ, ಮೊರ ಎತ್ತಿಕೊಂಡು, ಚಹಾ ಸುದ್ದಾ ಕುಡೀದ ನಡದುಬಿಟ್ಲು. ಎಂದೂ ಹಂಗ ಮಾಡಿದಾಕಿ ಅಲ್ಲ. ಆಮ್ಯಾಲ ನಾವು ಯಾರೂ ಅದರ ಸುದ್ದಿ ತೆಗೀಲಿಲ್ಲ.

ಆಕಿ ವರ್ಗ ಆದ್ಲು, ನಾ ಲಗ್ನ ಆಗಿ ಸೇಡಂದಾಗೇ ಮನಿ ಮಾಡಿದೆ. ಹತ್ತು ಹನ್ನೆರಡು ವರ್ಷ ಹೋದ್ವು. ಆಕಿ ರಿಟೈರ್ ಆದ ದಿನ ನನಗೂ ಕರೆ ಬಂತು. ನಿರೂಪಣೆ ಮಾಡೋ ಹುಡುಗ ಮೈಕ್ ಹಿಡಿದು, ಇವರು ನಮ್ಮ ತಾಲೂಕಿನ ಟಿವಿ ಹೀರೋಯಿನ್ ಇದ್ದಂಗ, ಸಿಡಿಲಿನಂಥಾ ಹೆಣ್ಣು ಅಂತೆಲ್ಲಾ ಹೊಗಳಿದ. ಪೊಲೀಸಕ್ಕ ಶಾಲು ಹೊದ್ದು ಕುಂತಲ್ಲಿಂದಲೇ, "ತಲಿ ಕಟ್ಟೀನಿ ನೋಡಪ್ಪ, ಆಕಿಗತೆ ಬಿಟ್ಟಿಲ್ಲ," ಅಂದ್ಲು. ಮಂದಿ ಚಪ್ಪಾಳಿ ಹೊಡದ್ರು.

ಸಂಜೀಗೆ ನಮ್ಮ ಮನೀಗೆ ಬಂದ್ಲು. ಕಂಕುಳಾಗ ಮೊರ, ಚೀಲದಾಗ ಡಬ್ಬಿ. ನಾ ಟಿವಿ ಹಚ್ಚಿದೆ, ಆಗ ಕೇಬಲ್ಲಿನಾಗ ಕನ್ನಡದಾಗೂ ಇಂಥಾ ಸೀರಿಯಲ್ ಬರತಿದ್ವು. ಹೊಸಾ ಇನ್ಸ್‌ಪೆಕ್ಟರ್ ಬಾಯಿ, ಹಳೇ ಕೂದಲಾ. ಬೈತಾಳ, ನಗೂಣು ಅಂತ ಕಾದೆ. ಬೈಲಿಲ್ಲ. ಮೊರ ತನ್ನ ತೊಡಿ ಮ್ಯಾಲೇ ಇಟ್ಕೊಂಡ್ಲು. ಕಣ್ಣು ಟಿವ್ಯಾಗ ಇರಲಿಲ್ಲ. ತಲಿ ಬಗ್ಗಿಸಿ ಒಂದು ಹರಳು ತೆಗೆದ್ಲು, ಎರಡು ತೆಗೆದ್ಲು. ಟಿವಿ ದನಿ ಹೆಚ್ಚು ಮಾಡಿ ಆಕಿ ಬಾಜೂಕ ಕುಂತೆ.

"ಸರ್ವೀಸಿಗೆ ಸೇರಿದ ಹೊಸತು," ಅಂದ್ಲು, ಬ್ಯಾಳಿಗೆ. "ಒಬ್ಬಾಕಿ ಬಂದಿದ್ಲು. ಇಪ್ಪತ್ತು ತುಂಬಿರಲಿಲ್ಲ. ಮೊರ ಕೊಟ್ಟೆ. ತಲಿ ಬಗ್ಗಿಸಿದ್ಲು, ಮೊನ್ನೆ ನಮ್ಮ ಮಾವ ಅಂತ ಶುರು ಮಾಡಿದ್ಲು. ಅವತ್ತಿನ ಬ್ಯಾಳಿ ಹೊಸಾ ಮಿಲ್ಲಿಂದು, ಮಷೀನಿನ್ಯಾಗ ಹಸನಾದದ್ದು. ಚಲೋದು ಅಂತ ನಾನೇ ತಂದಿದ್ದೆ. ಎಷ್ಟು ಹುಡುಕಿದ್ರೂ ಒಂದು ಹರಳಿಲ್ಲ. 'ಇದರಾಗ ಏನೂ ಇಲ್ಲಕ್ಕ' ಅಂತ ಮೊರ ಕೆಳಗಿಟ್ಲು. ಕೈ ನಿಂತ್ವು, ಮಾತೂ ನಿಂತಿತು. ಸೆರಗು ಹೊದ್ದುಕೊಂಡು ಎದ್ಲು. ನಾ ಏನಂದೆ ಗೊತ್ತೇನು? ನಾಳಿ ಬಾರವ್ವ ಅಂದೆ."

ಟಿವ್ಯಾಗ ಯಾರೋ ಓಡಲಿಕತ್ತಿದ್ರು.

"ಎಂಟು ದಿನಕ್ಕ ಬಾವಿ ಕಟ್ಟಿ ಮ್ಯಾಲ ಕುಂತು ಆಕಿ ಪಂಚನಾಮಾ ನಾನೇ ಬರದೆ. ಕಾರಣ ಅಂತ ಒಂದು ಕಾಲಂ ಇರತದ. ಎದುರಿಗೆ ಆಕಿ ಮಾವ ನಿಂತಿದ್ದ, ಹೊಟ್ಟಿನೋವು ಅಂತ ಬರೀರಿ ಅಂದ. ನನ್ನ ಹತ್ರ ಆಕಿ ಅರ್ಧ ಮಾತು ಅಷ್ಟೇ ಇತ್ತು. ನಾ..."

ಅಲ್ಲಿಗೆ ಮಾತು ನಿಂತಿತು. ನಾ ಮೊರ ನೋಡಿದೆ. ಪೊಲೀಸಕ್ಕನ ಬೆರಳು ಬ್ಯಾಳ್ಯಾಗ ಸುಮ್ಮ ತಿರುಗಲಿಕತ್ತಿದ್ವು. ಹರಳು ಮುಗಿದಿದ್ವು.

ಆಕಿ ಆರಿಸಿಟ್ಟದ್ದನ್ನೆಲ್ಲಾ ಬಾಚಿ, ಡಬ್ಬ್ಯಾಗಿಂದ ಇನ್ನೊಂದು ಮುಟಗಿ ಕೂಡಿಸಿ, ಮೊರದ ತುಂಬ ಚೆಲ್ಲಿದೆ.

ಪೊಲೀಸಕ್ಕ ತಲಿ ಎತ್ತಿ ನನ್ನ ನೋಡಿದ್ಲು. ಮತ್ತ ತಲಿ ಬಗ್ಗಿಸಿ ಒಂದು ಹರಳು ತೆಗೆದ್ಲು. "ನಾನೂ ಹೊಟ್ಟಿನೋವು ಅಂತೇ ಬರದೆ, ತಂಗಿ," ಅಂದ್ಲು.